ರಾತ್ರಿ ಪಾಳಿ ಮುಗಿಸಿ ಒಬ್ಬರೇ ನಡೆದು ಹೋಗುವಾಗ: ಮುಂಬಯಿಯ ಚಿರತೆ, ನಾಯಿ, ಹಾವು

ಗೋರೆಗಾಂವ್ ಪೂರ್ವದಲ್ಲಿ ನಮ್ಮ ಹೋಟೆಲಿನ ಶಟರ್ ಎಳೆಯುವಾಗ ರಾತ್ರಿ ಹನ್ನೆರಡು ದಾಟಿರುತ್ತದೆ. ಗಲ್ಲಾ ಎಣಿಸಿ, ನಾಳೆಯ ಇಡ್ಲಿ ಹಿಟ್ಟು ರುಬ್ಬಿದ್ದಾರಾ ನೋಡಿ, ಬೀಗ ಹಾಕುವಾಗ ಹನ್ನೆರಡೂವರೆ. ಆ ಹೊತ್ತಿಗೆ ಬಸ್ಸಿಲ್ಲ. ಕಾಡಂಚಿನ ಆರೆ ಕಾಲೊನಿ ಕಡೆ ಅಂದರೆ ರಿಕ್ಷಾದವರು ಮುಖ ತಿರುಗಿಸುತ್ತಾರೆ. ಹಾಗಾಗಿ ಇಪ್ಪತ್ತೈದು ನಿಮಿಷ ನಡಿಗೆ. ಇಪ್ಪತ್ತು ವರ್ಷದ ಮೇಲಾಯಿತು, ಇದೇ ದಾರಿ.

ಕಳೆದ ಮಳೆಗಾಲದಲ್ಲಿ ಬೈಂದೂರು ಕಡೆಯ ಹುಡುಗನೊಬ್ಬ ಕೆಲಸಕ್ಕೆ ಸೇರಿದ. ಮೂರನೇ ದಿನ ಮೋರಿ ಹತ್ತಿರ ಪಾತ್ರೆ ತೊಳೆಯುತ್ತಾ ಕೇಳಿದ, “ಅಣ್ಣ, ಇಲ್ ಹುಲಿ ಬತ್ತಂಬ್ರ್, ಹೌದಾ?”

“ಹುಲಿ ಅಲ್ಲ ಮಾರಾಯ, ಚಿರತೆ. ಬರುವುದೇನು, ಇಲ್ಲೇ ಇದೆ” ಅಂದೆ. ಅವತ್ತು ರಾತ್ರಿ ಅವನು ಹೋಟೆಲಿನಲ್ಲೇ ಮಲಗಿದ. ಮಾರನೇ ದಿನದಿಂದ ಅವನಿಗೆ ಒಂದೊಂದೇ ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೋಟೆಲಿನವರಿಗೆ ಮಾತ್ರ ಅಲ್ಲ. ಮುಲುಂಡ್, ಠಾಣೆ, ಬೋರಿವಲಿ, ಪವಾಯಿ ಕಡೆ ಇರುವ ನರ್ಸ್, ಸೆಕ್ಯೂರಿಟಿ, ಕಾಲ್ ಸೆಂಟರ್ ಪಾಳಿಯವರು ಎಲ್ಲರಿಗೂ ಆಗುತ್ತದೆ.

ಮೊದಲು ಯಾವುದಕ್ಕೆ ಎಷ್ಟು ಹೆದರಬೇಕು ಅಂತ ತಿಳಿದುಕೊಳ್ಳಿ

ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ (ಎಸ್‌ಜಿಎನ್‌ಪಿ) ಸುಮಾರು 104 ಚದರ ಕಿಲೋಮೀಟರ್ ಕಾಡು. ಒಂದು ಕಡೆ ಬೋರಿವಲಿ, ಗೋರೆಗಾಂವ್, ಇನ್ನೊಂದು ಕಡೆ ಮುಲುಂಡ್, ಠಾಣೆ. ದಕ್ಷಿಣಕ್ಕೆ ಅದಕ್ಕೆ ಅಂಟಿಕೊಂಡೇ ಆರೆ ಕಾಲೊನಿ. ಮರಗಳಿಗೆ ಕ್ಯಾಮೆರಾ ಕಟ್ಟಿ ಎಣಿಸಿದಾಗ 2015ರಲ್ಲಿ 35 ಚಿರತೆ ಸಿಕ್ಕಿದ್ದವು, 2018ರಲ್ಲಿ 47. ಇಷ್ಟು ಸಣ್ಣ ಕಾಡಿಗೆ ಇದು ಜಾಸ್ತಿಯೇ. ಕಾಡಿನಲ್ಲಿ ಜಿಂಕೆ, ಕಡವೆ ಇವೆ. ಆದರೆ ಅಂಚಿಗೆ ಬಂದರೆ ಕಸದ ರಾಶಿ, ಕಸಕ್ಕೆ ಬರುವ ನಾಯಿ, ಹಂದಿ. ಸುಲಭದ ಊಟ. ಇಲ್ಲಿನ ಚಿರತೆಗಳು ವರ್ಷಕ್ಕೆ ಸುಮಾರು 1500 ಬೀದಿನಾಯಿಗಳನ್ನು ತಿನ್ನುತ್ತವೆ ಅಂತ 2018ರಲ್ಲಿ ಬಂದ ಒಂದು ಅಧ್ಯಯನ ಅಂದಾಜು ಮಾಡಿತ್ತು. ಅಂದರೆ ಚಿರತೆ ನಮ್ಮ ಬೀದಿಗೆ ಬರುವುದು ನಾಯಿಗಾಗಿ. ನಾವು ಅದಕ್ಕೆ ದಾರಿಯಲ್ಲಿ ಸಿಗುವ ತೊಂದರೆ.

2004ರ ಸುಮಾರಿಗೆ ಪರಿಸ್ಥಿತಿ ಬಹಳ ಕೆಟ್ಟಿತ್ತು. ಕಾಡಂಚಿನಲ್ಲಿ ಒಂದರ ಮೇಲೊಂದು ಸಾವು. ಆಗೆಲ್ಲ ಎಲ್ಲೆಲ್ಲಿಂದಲೋ ಚಿರತೆ ಹಿಡಿದು ತಂದು ಬೇರೆ ಕಾಡಿಗೆ ಬಿಡುವ ಪದ್ಧತಿ ಇತ್ತು. ಹಾಗೆ ಬಿಟ್ಟಷ್ಟೂ ದಾಳಿ ಹೆಚ್ಚಿತು ಅಂತ ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಕೆಲಸ ಮಾಡಿದ ವಿಜ್ಞಾನಿ ವಿದ್ಯಾ ಆತ್ರೇಯ ತೋರಿಸಿದರು. ಗುರುತಿನ ಜಾಗ ಕಳೆದುಕೊಂಡ ಪ್ರಾಣಿ ಗಲಿಬಿಲಿಯಾಗುತ್ತದೆ, ಅಲ್ವಾ? 2011ರಲ್ಲಿ ಅರಣ್ಯ ಇಲಾಖೆ ಊರಿನವರನ್ನೂ ಸೇರಿಸಿಕೊಂಡು ‘ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ’ ಶುರು ಮಾಡಿತು. ಹಿಡಿಯುವುದು ಬಿಟ್ಟು, ಜೊತೆಗೆ ಬದುಕುವುದು ಹೇಗೆ ಅಂತ ಹೇಳಿಕೊಡುವ ಕೆಲಸ ಅದು. ಆಮೇಲೆ ದಾಳಿ ಬಹಳ ಕಡಿಮೆಯಾಯಿತು. ಪೂರ್ತಿ ನಿಂತಿಲ್ಲ. 2021ರಲ್ಲಿ ಆರೆಯಲ್ಲಿ ಒಂದೇ ಸಮನೆ ಹಲವರ ಮೇಲೆ ದಾಳಿಯಾಯಿತು. 2022ರ ದೀಪಾವಳಿ ಹೊತ್ತಿಗೆ ಅಲ್ಲೇ ಒಂದು ಎಳೆ ಮಗು ಹೋಯಿತು.

ಆದರೂ ಒಂದು ಮಾತು. ಇಷ್ಟು ವರ್ಷದಲ್ಲಿ ನಮ್ಮ ಹೋಟೆಲಿನ ಹುಡುಗರಲ್ಲಿ ಚಿರತೆ ಕಚ್ಚಿದವರು ಒಬ್ಬರೂ ಇಲ್ಲ. ನಾಯಿ ಕಚ್ಚಿದವರು ಏಳೆಂಟು ಜನ, ನಾನೂ ಸೇರಿ. ಹಾವು ಕಚ್ಚಿದವನು ಒಬ್ಬ. ಹೆದರಿಕೆಯನ್ನು ಈ ಲೆಕ್ಕಕ್ಕೆ ಹಂಚಿಕೊಳ್ಳಿ.

ಹಗಲಿನಲ್ಲಿ ಮಾಡುವ ಕೆಲಸ

ರಾತ್ರಿ ನಡೆಯುವ ದಾರಿಯನ್ನು ಒಂದು ಸಲ ಹಗಲಿನಲ್ಲಿ ನಿಧಾನವಾಗಿ ನಡೆಯಿರಿ. ರಜೆಯ ದಿನ ಸಾಕು. ಯಾವ ಕಂಬದ ಲೈಟು ಉರಿಯುವುದಿಲ್ಲ, ಕಸದ ಡಬ್ಬ ಎಲ್ಲಿದೆ, ಎಲ್ಲಿ ಲಂಟಾನ ಪೊದೆ ರಸ್ತೆಗೆ ಬಾಗಿದೆ, ಕಾಂಪೌಂಡ್ ಗೋಡೆ ಎಲ್ಲಿ ಒಡೆದಿದೆ ನೋಡಿಕೊಳ್ಳಿ. ಚಿರತೆ ಓಡಾಡುವುದು ಇಂಥ ಒಡಕಿನಲ್ಲೇ. ನಾಯಿಗಳ ಗುಂಪು ಮಲಗುವ ಜಾಗ, ರಾತ್ರಿ ಕಾವಲುಗಾರ ಕೂರುವ ಜಾಗ ಎರಡನ್ನೂ ಗುರುತು ಮಾಡಿ. ಕಾವಲುಗಾರನ ಪರಿಚಯ ಮಾಡಿಕೊಂಡರೆ ಇನ್ನೂ ಒಳ್ಳೆಯದು. ನಮ್ಮ ರಸ್ತೆಯ ಚಾಚಾ ನಾನು ದಾಟುವಾಗ ಸೀಟಿ ಊದುತ್ತಾರೆ. ‘ಆಜ್ ಉಧರ್ ಸೆ ಮತ್ ಜಾನಾ’ ಅಂದ ದಿನ ನಾನು ಸುಮ್ನೆ ಬೇರೆ ದಾರಿ ಹಿಡಿಯುತ್ತೇನೆ, ಯಾಕೆ ಅಂತ ಕೇಳುವುದಿಲ್ಲ.

ಎರಡು ದಾರಿ ಇದ್ದರೆ ಬೆಳಕಿರುವ ಉದ್ದ ದಾರಿಯೇ ಸರಿ. ಹತ್ತು ನಿಮಿಷ ಉಳಿಸಲು ಗಾರ್ಡನ್ ಹಿಂದಿನ ಕಾಲುದಾರಿಯಲ್ಲಿ ನುಗ್ಗಬೇಡಿ. ಹುಡುಗರು ಇದನ್ನು ಕೇಳುವುದೇ ಇಲ್ಲ. ಬೈದು ಬೈದು ನನಗೂ ಸಾಕಾಗಿದೆ.

ಪಾಡಾಗಳಲ್ಲಿ, ಅಂದರೆ ಇಲ್ಲಿನ ಆದಿವಾಸಿ ಹಾಡಿಗಳಲ್ಲಿ, ಇರುವವರನ್ನು ಮಾತಾಡಿಸಿ. ಮಳೆಗಾಲದಲ್ಲಿ ಆರೆಯ ವಾರ್ಲಿ ಅಜ್ಜಿಯೊಬ್ಬರು ಬುಟ್ಟಿಯಲ್ಲಿ ಟಾಕಳಾ ಸೊಪ್ಪು ತರುತ್ತಾರೆ. ನಮ್ಮ ಕಡೆಯ ತಗಟೆ ಸೊಪ್ಪು, ತುಳುವಿನ ತಜಂಕ್. ನಾನು ಎರಡು ಕಟ್ಟು ತೆಗೆದುಕೊಳ್ಳುತ್ತೇನೆ, ಅವರು ಚಹಾ ಕುಡಿಯುತ್ತಾ ಸುದ್ದಿ ಹೇಳುತ್ತಾರೆ. ಯಾವ ಕಡೆ ಮರಿ ಇರುವ ತಾಯಿ ಇದೆ, ಯಾವ ಪಾಡಾದಲ್ಲಿ ಕೋಳಿ ಹೋಯಿತು ಅಂತ. ಅವರ ಪಾಡಾದಲ್ಲಿ ವಾಘೋಬಾನ ಕಲ್ಲಿದೆ. ಹುಲಿ, ಚಿರತೆ ಎರಡಕ್ಕೂ ಒಬ್ಬನೇ ದೇವರು. ನಮ್ಮ ತುಳುನಾಡಿನ ಹುಲಿ ದೈವ ಪಿಲಿಚಾಮುಂಡಿಯ ನೆನಪಾಗುತ್ತದೆ. “ಭಯ ಆಗುವುದಿಲ್ವಾ ಆಯಿ?” ಅಂತ ಒಮ್ಮೆ ಮರಾಠಿಯಲ್ಲಿ ಕೇಳಿದೆ. ಭಯ ಇದೆ, ಅದಕ್ಕೇ ಕತ್ತಲಾದ ಮೇಲೆ ಮಕ್ಕಳನ್ನು ಹೊರಗೆ ಬಿಡುವುದಿಲ್ಲ ಅಂದರು.

ಹೊರಡುವ ಮುಂಚೆ

ಮೂತ್ರಕ್ಕೆ ಹೋಗಿ ಬನ್ನಿ. ನಗಬೇಡಿ, ಇದೇ ಎಲ್ಲಕ್ಕಿಂತ ಮುಖ್ಯ. ದಾರಿಯಲ್ಲಿ ಪೊದೆ ಪಕ್ಕ ಕುಕ್ಕರಗಾಲಲ್ಲಿ ಕೂತ ಮನುಷ್ಯ ಚಿರತೆಯ ಕಣ್ಣಿಗೆ ಮನುಷ್ಯನ ಹಾಗೆ ಕಾಣುವುದಿಲ್ಲ. ನಾಯಿಯಷ್ಟೋ ಆಡಿನಷ್ಟೋ ಎತ್ತರದ ಏನೋ ಒಂದು. ಕಾಡಂಚಿನ ಗುಡಿಸಲು ಕೇರಿಗಳಲ್ಲಿ ಶೌಚಕ್ಕೆ ಬಯಲಿಗೆ ಹೋದವರ ಮೇಲೆ, ಸಣ್ಣ ಮಕ್ಕಳ ಮೇಲೆ ದಾಳಿ ಆಗುವುದಕ್ಕೆ ಇದೂ ಒಂದು ಕಾರಣ. ನಿಂತ ಮನುಷ್ಯನನ್ನು ಅದು ಸಾಮಾನ್ಯವಾಗಿ ಕೆಣಕುವುದಿಲ್ಲ.

ಒಂದು ಒಳ್ಳೆಯ ಟಾರ್ಚ್ ಬೇಕು. ಮೊಬೈಲಿನ ಲೈಟ್ ಮೂರು ಹೆಜ್ಜೆ ತೋರಿಸುತ್ತದೆ, ಬ್ಯಾಟರಿ ಖಾಲಿ ಮಾಡುತ್ತದೆ. ಕೊನೆಗೆ ಫೋನ್ ಮಾಡಬೇಕಾದಾಗ ಫೋನೇ ಇರುವುದಿಲ್ಲ. ಮುನ್ನೂರು ನಾನೂರು ರೂಪಾಯಿಯ ಚಾರ್ಜಿಂಗ್ ಟಾರ್ಚ್ ಸಾಕು. ಕಾಲಿಗೆ ಶೂ ಹಾಕಿ. ಹವಾಯಿ ಚಪ್ಪಲಿಯಲ್ಲಿ ಹೆಬ್ಬೆರಳು ಹೊರಗೆ, ಹಿಮ್ಮಡಿ ಹೊರಗೆ. ಇಡ್ಲಿ ಭಟ್ಟಿ ಎದುರು ಹಗಲೆಲ್ಲ ಚಪ್ಪಲಿಯಲ್ಲೇ ಇರುವವರು ಹೊರಡುವಾಗ ಬದಲಾಯಿಸಿಕೊಳ್ಳಿ. ಕೈಯಲ್ಲಿ ಕೋಲು ಹಿಡಿಯಲು ನಾಚಿಕೆ ಆದರೆ ಉದ್ದ ಹಿಡಿಯ ಕೊಡೆ ಹಿಡಿಯಿರಿ. ಮುಂಬಯಿಯಲ್ಲಿ ನಾಲ್ಕು ತಿಂಗಳು ಅದು ಹೇಗೂ ಬೇಕು. ನೆಲ ತಟ್ಟಬಹುದು, ನಾಯಿಗೆ ಅಡ್ಡ ಹಿಡಿಯಬಹುದು, ಬಿಚ್ಚಿದರೆ ನೀವು ಎರಡು ಪಟ್ಟು ದೊಡ್ಡವರಾಗಿ ಕಾಣುತ್ತೀರಿ.

ರಾತ್ರಿ ಉಳಿದ ಕೋಳಿ ಸುಕ್ಕ, ಮೀನು ಸಾರು ಮನೆಗೆ ಪಾರ್ಸೆಲ್ ಒಯ್ಯುವವರು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ ಬ್ಯಾಗಿನೊಳಗೆ ಇಡಿ. ತೆಳು ಪ್ಲಾಸ್ಟಿಕ್ ಚೀಲದಲ್ಲಿ ತೂಗಾಡಿಸಿಕೊಂಡು ಹೋದರೆ ಎರಡು ಗಲ್ಲಿಯ ನಾಯಿಗಳೆಲ್ಲ ನಿಮ್ಮ ನೆಂಟರು.

ಕೊನೆಯದಾಗಿ ಒಂದು ಮೆಸೇಜ್. ‘ಹೊರಟೆ’ ಅಂತ ಒಬ್ಬರಿಗೆ, ‘ಮುಟ್ಟಿದೆ’ ಅಂತ ಅವರಿಗೇ. ಅರ್ಧ ಗಂಟೆಯಲ್ಲಿ ಎರಡನೆಯದು ಬರದಿದ್ದರೆ ಫೋನ್ ಮಾಡಬೇಕು ಅಂತ ಮೊದಲೇ ಹೇಳಿಡಿ.

ನಡೆಯುವಾಗ

ನೀವು ಬರುತ್ತಿದ್ದೀರಿ ಅಂತ ಪ್ರಾಣಿಗೆ ಮೊದಲೇ ಗೊತ್ತಾಗಬೇಕು. ನಾನು ಹುಡುಗರಿಗೆ ಹೇಳುವುದರಲ್ಲಿ ಮುಕ್ಕಾಲು ಪಾಲು ಇಷ್ಟೇ. ಚಿರತೆಗೆ ನಮ್ಮ ಸಹವಾಸ ಬೇಡ. ಶಬ್ದ ಕೇಳಿದರೆ ನಾವು ಕಾಣುವ ಮುಂಚೆಯೇ ಪಕ್ಕಕ್ಕೆ ಸರಿಯುತ್ತದೆ. ಎಷ್ಟು ಸಲ ಹಾಗೆ ಸರಿದಿದೆಯೋ, ನಮಗೆ ತಿಳಿಯುವುದೇ ಇಲ್ಲ. ತಿರುವಿನಲ್ಲಿ ತಟ್ಟನೆ ಎದುರಾದರೆ ಮಾತ್ರ ಕಷ್ಟ.

ಆದ್ದರಿಂದ ಇಯರ್‌ಫೋನ್ ಜೇಬಿಗೆ. ಹಾಡು ಬೇಕಿದ್ದರೆ ಸ್ಪೀಕರಿನಲ್ಲಿ ಹಾಕಿ. ಇಲ್ಲವೇ ನೀವೇ ಹಾಡಿ. ನಮ್ಮ ಅಡುಗೆ ಭಟ್ಟರು ಊರಲ್ಲಿ ಯಕ್ಷಗಾನದ ಹವ್ಯಾಸಿ ಭಾಗವತರಾಗಿದ್ದವರು. ಒಂದು ಗಂಟೆ ರಾತ್ರಿಯಲ್ಲಿ ಏರು ಸ್ವರದಲ್ಲಿ ಪದ ಹೇಳುತ್ತಾ ಹೋಗುತ್ತಾರೆ. ಚಿರತೆಯಂತೂ ದೂರವೇ ಉಳಿದಿದೆ, ಒಮ್ಮೆ ಪೊಲೀಸ್ ಬೀಟಿನವರು ನಿಲ್ಲಿಸಿ ಕುಡಿದಿದ್ದೀಯಾ ಅಂತ ಕೇಳಿದ್ದರು.

ವಾಹನ ಕಡಿಮೆ ಇದ್ದರೆ ರಸ್ತೆಯ ಅಂಚು ಬಿಟ್ಟು ಸ್ವಲ್ಪ ಒಳಗೆ ನಡೆಯಿರಿ. ಟಾರ್ಚನ್ನು ಹೆಜ್ಜೆ ಇಡುವ ಜಾಗಕ್ಕೆ ಹಿಡಿಯಿರಿ, ಆಗಾಗ ಎರಡೂ ಬದಿಯ ಪೊದೆ, ಗೋಡೆ ಮೇಲೆ ಒಮ್ಮೆ ಆಡಿಸಿ. ಕಣ್ಣು ಹೊಳೆದರೆ ಗಾಬರಿ ಬೇಡ. ನಾಯಿಯದ್ದೂ ಹೊಳೆಯುತ್ತದೆ, ಬೆಕ್ಕಿನದ್ದೂ ಹೊಳೆಯುತ್ತದೆ. ಪುನುಗು ಬೆಕ್ಕು, ಕಾಡುಬೆಕ್ಕು ಕಂಡು ‘ಬಿಬಟ್ಯಾ, ಬಿಬಟ್ಯಾ’ (ಮರಾಠಿಯಲ್ಲಿ ಚಿರತೆ) ಅಂತ ಕೂಗುವವರು ಇಲ್ಲಿ ಬೇಕಾದಷ್ಟಿದ್ದಾರೆ. ಬಾಲ ನೋಡಿ, ಮೈಯ ಉದ್ದ ನೋಡಿ. ಚಿರತೆಯ ಬಾಲ ಅದರ ಮೈಯ ಅರ್ಧಕ್ಕಿಂತಲೂ ಉದ್ದ.

ಲೇಸ್ ಬಿಚ್ಚಿದರೆ ಬೆಳಕಿನ ಕೆಳಗೆ ಬಂದು, ಕಾಲನ್ನು ಕಟ್ಟೆ ಮೇಲಿಟ್ಟು ಕಟ್ಟಿ. ಸುಸ್ತಾಯಿತು ಅಂತ ಕತ್ತಲಲ್ಲಿ ಮೋರಿಕಟ್ಟೆ ಮೇಲೆ ಕೂರಬೇಡಿ. ಫೋನ್ ನೋಡುತ್ತಾ ಬಗ್ಗಿ ನಡೆಯಬೇಡಿ. ಮಗು ಜೊತೆಗಿದ್ದರೆ ಎತ್ತಿಕೊಳ್ಳಿ, ದೊಡ್ಡದಾಗಿದ್ದರೆ ಕೈ ಹಿಡಿದು ರಸ್ತೆಯ ಕಡೆಗೆ ನಡೆಸಿ, ಪೊದೆಯ ಕಡೆ ನೀವಿರಿ. ಮುಂದೆ ಓಡಲು ಬಿಡಬೇಡಿ.

ಕಿವಿಗೂ ಕೆಲಸ ಕೊಡಿ. ನಾಯಿಗಳು ಒಂದನ್ನೊಂದು ಬೊಗಳುವುದಕ್ಕೂ, ಏನನ್ನೋ ಕಂಡು ಬೊಗಳುವುದಕ್ಕೂ ವ್ಯತ್ಯಾಸ ಇದೆ. ನಾಲ್ಕು ದಿನ ಕೇಳಿದರೆ ಗೊತ್ತಾಗುತ್ತದೆ. ಎಲ್ಲ ಸೇರಿ ಒಂದೇ ಕಡೆ ಮುಖ ಮಾಡಿ ಒದರಿ, ಆಮೇಲೆ ಬಾಲ ಮಡಚಿ ನಿಂತ ರಿಕ್ಷಾಗಳ ಕೆಳಗೆ ನುಗ್ಗಿದರೆ ನೀವು ಮುಂದೆ ಹೋಗಬೇಡಿ. ಮರದ ದಿಮ್ಮಿಗೆ ಗರಗಸ ಎಳೆದ ಹಾಗೆ, ಹೋಗುತ್ತಾ ಬರುತ್ತಾ ಕೆರೆದ ಸದ್ದು ಕೇಳಿದರೆ ಅದು ಚಿರತೆಯೇ. ಆ ಹೊತ್ತಿನಲ್ಲಿ ಗರಗಸ ಎಳೆಯುವವರು ಬೇರೆ ಯಾರಿದ್ದಾರೆ?

ಎದುರಿಗೇ ಸಿಕ್ಕರೆ

ನನಗೆ ಸರಿಯಾಗಿ ಸಿಕ್ಕಿದ್ದು ಒಂದೇ ಸಲ. ಹನ್ನೆರಡು ಐವತ್ತರ ಸುಮಾರಿಗೆ. ಮಳೆ ಆಗಷ್ಟೇ ನಿಂತಿತ್ತು. ಒಂದು ಹೌಸಿಂಗ್ ಸೊಸೈಟಿಯ ಹಿಂದಿನ ಗೋಡೆ ಮೇಲೆ ಟಾರ್ಚ್ ಆಡಿಸಿದೆ. ಮುಂಗಾಲು ಮಡಚಿ, ನಮ್ಮ ಮನೆ ಬೆಕ್ಕು ಅಕ್ಕಿಡಬ್ಬದ ಮೇಲೆ ಕೂರುತ್ತದಲ್ಲ, ಹಾಗೆ ಕೂತಿತ್ತು. ಬಾಲ ಗೋಡೆಯಿಂದ ಕೆಳಗೆ ಇಳಿಬಿದ್ದಿತ್ತು, ತುದಿ ಮಾತ್ರ ಅಲ್ಲಾಡುತ್ತಿತ್ತು. ಮಳೆಗೆ ನೆನೆದು ಕತ್ತಿನ ರೋಮ ಮುದ್ದೆಯಾಗಿತ್ತು. ನಮ್ಮಿಬ್ಬರ ನಡುವೆ ಒಂದು ಬಸ್ಸಿನ ಉದ್ದದಷ್ಟು ಜಾಗ.

ಓಡಲಿಲ್ಲ. ಧೈರ್ಯದಿಂದ ಅಲ್ಲ, ಕಾಲೇ ಬರಲಿಲ್ಲ. ಅದೇ ಒಳ್ಳೆಯದಾಯಿತು. “ಹೋಗ್ತೇನೆ, ಹೋಗ್ತೇನೆ” ಅಂತ ಜೋರಾಗಿ ಕನ್ನಡದಲ್ಲೇ ಹೇಳುತ್ತಾ, ಅದರ ಕಡೆ ಮುಖ ಇಟ್ಟುಕೊಂಡೇ ಹಿಂದಕ್ಕೆ ಹೆಜ್ಜೆ ಹಾಕಿದೆ. ಅದು ಒಂದು ನಿಮಿಷ ನೋಡಿತು. ಆಮೇಲೆ ಎದ್ದು, ಮೈ ಎಳೆದು, ಗೋಡೆಯ ಆಚೆ ಇಳಿಯಿತು. ಇಷ್ಟು ದೊಡ್ಡ ಪ್ರಾಣಿ ಇಳಿದರೂ ಒಂದು ಎಲೆ ಸದ್ದಾಗಲಿಲ್ಲ. ನಾನು ಮೇನ್ ರೋಡಿಗೆ ವಾಪಸ್ ಬಂದು, ಮಲಗಿದ್ದ ರಿಕ್ಷಾದವನನ್ನು ಎಬ್ಬಿಸಿ, ಡಬಲ್ ಕೊಟ್ಟು ಮನೆ ಸೇರಿದೆ.

ಮಾಡಬೇಕಾದದ್ದು ಅಷ್ಟೇ. ನಿಲ್ಲಿ. ಬೆನ್ನು ತೋರಿಸಬೇಡಿ, ಓಡಬೇಡಿ, ಕೂರಬೇಡಿ, ಬಗ್ಗಬೇಡಿ. ಕಲ್ಲು ಹೆಕ್ಕಲು ಕೂಡ ಬಗ್ಗಬೇಡಿ. ಗಟ್ಟಿಯಾಗಿ ಮಾತಾಡುತ್ತಾ ನಿಧಾನವಾಗಿ ಹಿಂದೆ ಸರಿಯಿರಿ. ಅದು ಹೋಗಲು ಒಂದು ದಾರಿ ಬಿಡಿ. ನೀವು ಅದಕ್ಕೂ ಕಾಡಿಗೂ ನಡುವೆ ನಿಂತಿದ್ದರೆ ಪಕ್ಕಕ್ಕೆ ಸರಿಯಿರಿ. ಟಾರ್ಚಿನ ಬೆಳಕು ನೆಲದ ಮೇಲಿರಲಿ, ಕಣ್ಣಿಗೇ ಹೊಡೆಯಬೇಡಿ. ಫೋಟೊಕ್ಕೆ ಫ್ಲ್ಯಾಶ್ ಬೇಡವೇ ಬೇಡ. ಮರಿ ಕಂಡರೆ ತಾಯಿ ಹತ್ತಿರದಲ್ಲೇ ಇದೆ ಅಂತ ಲೆಕ್ಕ. ಬಂದ ದಾರಿಯಲ್ಲೇ ವಾಪಸ್.

ಅದು ಮುಂದೆ ಬಂದರೆ ಕೊಡೆ ಬಿಚ್ಚಿ, ಬ್ಯಾಗ್ ತಲೆ ಮೇಲೆ ಎತ್ತಿ, ಕೂಗಿ. ಮೈ ಮೇಲೆ ಬಿದ್ದರೆ ಕತ್ತು ಕಾಪಾಡಿಕೊಳ್ಳಿ, ಕೈಗೆ ಸಿಕ್ಕಿದ್ದರಲ್ಲಿ ಮುಖಕ್ಕೆ ಹೊಡೆಯಿರಿ. 2021ರ ಸೆಪ್ಟೆಂಬರಿನಲ್ಲಿ ಆರೆಯ ಸಿಸಿಟಿವಿಯಲ್ಲಿ ಸಿಕ್ಕ ವಿಡಿಯೊ ಬಹಳ ಜನ ನೋಡಿರುತ್ತೀರಿ. ವಯಸ್ಸಾದ ಹೆಂಗಸು, ಊರುಗೋಲು ಹಿಡಿದು ಬಂದು ಕಟ್ಟೆ ಮೇಲೆ ಕೂತರು. ಚಿರತೆ ಹಿಂದಿನಿಂದ ಬಂತು. ಅವರು ಅದೇ ಕೋಲಿನಲ್ಲಿ ಹೊಡೆದರು, ಅದು ಹಿಂದೆ ಸರಿಯಿತು, ಜೀವ ಉಳಿಯಿತು. ಎದುರು ಏಟು ಬಿದ್ದರೆ ಚಿರತೆ ಹಟ ಹಿಡಿಯುವುದು ಕಡಿಮೆ. ಅವರು ಕೂತ ಮೇಲೆ ಅದು ಬಂದದ್ದನ್ನೂ ಗಮನಿಸಿ.

ನಾಯಿ: ದಿನದ ಕಾಟ

ಇದರ ಬಗ್ಗೆ ಯಾರೂ ಬರೆಯುವುದಿಲ್ಲ, ಚಿರತೆಯಷ್ಟು ರೋಮಾಂಚನ ಇಲ್ಲ ನೋಡಿ. ಹಗಲು ಬಾಲ ಅಲ್ಲಾಡಿಸುವ ನಾಯಿ ರಾತ್ರಿ ಒಂದು ಗಂಟೆಗೆ ಗಲ್ಲಿಯ ಯಜಮಾನ. ಒಂದೇ ಇದ್ದರೆ ಸುಮ್ಮನಿರುತ್ತದೆ, ಐದು ಸೇರಿದರೆ ಪೌರುಷ.

ಇಲ್ಲಿ ಹಾಡು ಬೇಡ, ಕೂಗು ಬೇಡ. ಮಲಗಿದ ಗುಂಪಿನ ಮಧ್ಯ ಹೋಗಬೇಡಿ, ರಸ್ತೆಯ ಆಚೆ ಬದಿಯಿಂದ ಒಂದೇ ವೇಗದಲ್ಲಿ ದಾಟಿ. ಓಡಿ ಬಂದವು ಅಂತಾದರೆ ನಿಲ್ಲಿ. ಕೈ ಎದೆಗೆ ಕಟ್ಟಿಕೊಳ್ಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಕೊಡೆಯನ್ನು ನಿಮಗೂ ಅದಕ್ಕೂ ನಡುವೆ ಹಿಡಿದು ಮೆಲ್ಲ ಹಿಂದೆ ಹೋಗಿ. ಹೆಚ್ಚಿನ ಸಲ ಅವುಗಳ ಗಡಿ ದಾಟಿದ ಕೂಡಲೇ ಬಿಟ್ಟುಬಿಡುತ್ತವೆ. ಬಗ್ಗಿ ಕಲ್ಲು ಹೆಕ್ಕಿದ ಹಾಗೆ ಮಾಡಿದರೆ ಬೀದಿನಾಯಿ ಹಿಂದೆ ಹೋಗುತ್ತದೆ ಅನ್ನುವುದು ನಿಜ, ನಾನೂ ಮಾಡಿದ್ದೇನೆ. ಆದರೆ ಪೊದೆ ಇರುವ ಕತ್ತಲ ಜಾಗದಲ್ಲಿ ಆ ಆಟ ಬೇಡ, ಯಾಕೆ ಅಂತ ಮೇಲೆ ಹೇಳಿದೆ. ನಿಜವಾಗಿ ಹೊಡೆದರೆ ನಾಳೆ, ನಾಡಿದ್ದು ಅದೇ ನಾಯಿ ನಿಮಗಾಗಿ ಕಾದಿರುತ್ತದೆ.

ದಾರಿಯ ನಾಯಿಗಳಿಗೆ ಬಿಸ್ಕತ್ತು ಹಾಕಿ ಗುರುತು ಮಾಡಿಕೊಳ್ಳುವವರಿದ್ದಾರೆ. ಉಪಾಯ ಕೆಲಸ ಮಾಡುತ್ತದೆ. ಆದರೆ ಕಾಡಂಚಿನಲ್ಲಿ ನಿಮ್ಮ ಬಿಲ್ಡಿಂಗ್ ಗೇಟಿನ ಎದುರೇ ಹಾಕಬೇಡಿ. ನಾಯಿ ಸೇರಿದ ಕಡೆ ಚಿರತೆ ಬರುತ್ತದೆ. ಹೋಟೆಲಿನವರು ಎಂಜಲನ್ನು ಹಿಂದಿನ ಗೋಡೆಯಾಚೆ ಎಸೆಯುವುದೂ ಅದೇ ತಪ್ಪು. ಮುಚ್ಚಳದ ಡ್ರಮ್ಮಿಗೆ ಹಾಕಿ.

ಕಚ್ಚಿದರೆ? 2016ರಲ್ಲಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಪ್ಯಾಂಟ್ ಹರಿದು ಎರಡು ಹಲ್ಲಿನ ಗುರುತು, ಸ್ವಲ್ಪ ರಕ್ತ. ಹತ್ತಿರದ ಒಂದು ದವಾಖಾನೆಯಲ್ಲಿ ಧನುರ್ವಾಯುವಿನ ಟಿಟಿ ಚುಚ್ಚಿ, ಪಟ್ಟಿ ಕಟ್ಟಿ, “ಹೋಗಿ, ಏನಾಗಲ್ಲ” ಅಂದರು. ಬೆಳಗ್ಗೆ ಚಹಾಕ್ಕೆ ಬರುವ ನಮ್ಮೂರ ಕಡೆಯ ನರ್ಸ್ ಅಕ್ಕ ಪಟ್ಟಿ ನೋಡಿ ಗಲ್ಲಾದ ಎದುರೇ ಬೈದರು. “ಸೋಪಲ್ಲಿ ತೊಳೆದಿರಾ? ರೇಬೀಸ್ ಇಂಜೆಕ್ಷನ್ ಎಲ್ಲಿ? ಈಗಲೇ ಏಳಿ.” ಪಟ್ಟಿ ಬಿಚ್ಚಿಸಿ, ತೊಳೆಸಿ, ಪಾಲಿಕೆ ಆಸ್ಪತ್ರೆಗೆ ಅಟ್ಟಿದರು.

ಆವತ್ತು ಕಲಿತದ್ದು ಹೀಗೆ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ಗಡಿಯಾರ ನೋಡಿ ಹದಿನೈದು. ಅರಿಶಿನ, ಮೆಣಸಿನ ಪುಡಿ, ಸುಣ್ಣ ಏನೂ ಹಚ್ಚಬಾರದು. ಅವತ್ತೇ ಲಸಿಕೆ ಶುರು ಮಾಡಬೇಕು. ಮೊದಲ ಡೋಸಿನ ದಿನವನ್ನು ಸೊನ್ನೆ ಅಂತ ಹಿಡಿದು 3, 7, 28ನೇ ದಿನ ಚರ್ಮದೊಳಗೆ ಕೊಡುತ್ತಾರೆ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೇ ದಿನವೂ ಸೇರುತ್ತದೆ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬುಲಿನ್ ಅನ್ನುವ ಇನ್ನೊಂದು ಚುಚ್ಚುಮದ್ದೂ ಬೇಕು, ಕೇಳಿ ಹಾಕಿಸಿಕೊಳ್ಳಿ. ಗಾಯ ಒಣಗಿತು ಅಂತ ಕೊನೆಯ ಡೋಸ್ ಬಿಡಬೇಡಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಸುವ ಮದ್ದಿಲ್ಲ. ಚಿರತೆ, ಕೋತಿ, ಬೆಕ್ಕು ಕಚ್ಚಿದರೂ ಪರಚಿದರೂ ಇದೇ ಚಿಕಿತ್ಸೆ.

ಕಾಲಿನ ಕೆಳಗೆ

ಜೂನ್‌ನಲ್ಲಿ ಮಳೆ ಬಿದ್ದು ಬಿಲಗಳಿಗೆ ನೀರು ನುಗ್ಗಿದರೆ ಹಾವು ರಸ್ತೆಗೆ ಬರುತ್ತದೆ. ಮುಂಬಯಿ ಸುತ್ತ ನಾಗರಹಾವು, ಕೊಳಕು ಮಂಡಲ, ಕಟ್ಟುಹಾವು, ಗರಗಸ ಮಂಡಲ ನಾಲ್ಕೂ ಇವೆ. ಮರಾಠಿಯಲ್ಲಿ ನಾಗ್, ಘೋಣಸ್, ಮಣ್ಯಾರ್, ಫುರ್ಸೆ. ಈ ಹೆಸರು ಗೊತ್ತಿದ್ದರೆ ಇಲ್ಲಿನ ಆಸ್ಪತ್ರೆಯಲ್ಲಿ ಹೇಳಲು ಅನುಕೂಲ. ಘೋಣಸ್ ಕುಕ್ಕರ್ ಸೀಟಿ ಬಿಟ್ಟ ಹಾಗೆ ಬುಸುಗುಡುತ್ತದೆ. ಆ ಸದ್ದು ಕೇಳಿದ ಕೂಡಲೇ ಕಾಲು ನೆಟ್ಟು ನಿಲ್ಲಿ, ಟಾರ್ಚಿನಲ್ಲಿ ಎಲ್ಲಿದೆ ಅಂತ ನೋಡಿ, ಆಮೇಲೆ ಹಿಂದೆ ಸರಿಯಿರಿ. ಕತ್ತಲಲ್ಲಿ ಎಲ್ಲಿ ಅಂತ ತಿಳಿಯದೆ ಹಾರಿದರೆ ಅದರ ಮೇಲೇ ಇಳಿಯಬಹುದು.

ನೆಲ ಕಾಣದ ಕಡೆ ಕಾಲಿಡಬೇಡಿ. ಹುಲ್ಲು, ಎಲೆ ರಾಶಿ, ಒಡೆದ ಪೇವರ್ ಕಲ್ಲಿನ ಗುಡ್ಡೆ. ಕೊಡೆಯ ತುದಿಯಿಂದ ನೆಲ ತಟ್ಟಿ. ಹಾವಿಗೆ ನಮ್ಮ ಮಾತಿಗಿಂತ ನೆಲದ ಅದುರು ಬೇಗ ಗೊತ್ತಾಗುತ್ತದೆ.

ಕಚ್ಚಿದರೆ ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಬಾಯಲ್ಲಿ ಚೀಪಬೇಡಿ. ಹಾವನ್ನು ಹುಡುಕಿ ಹೊಡೆಯುವುದರಲ್ಲಿ ಹೊತ್ತು ಕಳೆಯಬೇಡಿ. ಉಂಗುರ, ವಾಚು, ಬಳೆ ತೆಗೆದುಬಿಡಿ, ಊತ ಬರುತ್ತದೆ. ಕಾಲು ಆದಷ್ಟು ಅಲ್ಲಾಡದಂತೆ ಇಟ್ಟು, ನಡೆಯದೆ, ರಿಕ್ಷಾ ಆಗಲಿ 108 ಆಗಲಿ, ಯಾವುದು ಮೊದಲು ಸಿಗುತ್ತದೋ ಅದರಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ. ಈ ಭಾಗದಿಂದ ಕೂಪರ್ ಇದೆ. ಬೇರೆ ಕಡೆಯವರಿಗೆ ಸಯನ್, ಕೆಇಎಂ, ನಾಯರ್. ಕಚ್ಚಿದ ಹೊತ್ತು ನೆನಪಿಡಿ, ಡಾಕ್ಟರ್ ಮೊದಲು ಕೇಳುವುದೇ ಅದನ್ನು. ನಾಲ್ಕೂ ಹಾವಿಗೆ ಒಂದೇ ಪ್ರತಿವಿಷ ಕೊಡುತ್ತಾರೆ, ಅದಕ್ಕೇ ಹಾವು ಯಾವುದು ಅಂತ ತಿಳಿಯದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ.

ನಡಿಗೆಗೆ ಸಂಬಂಧ ಇಲ್ಲದಿದ್ದರೂ ಒಂದು ಮಾತು. ನಮ್ಮ ಹುಡುಗನಿಗೆ ಹಾವು ಕಚ್ಚಿದ್ದು ದಾರಿಯಲ್ಲಲ್ಲ, ಮಲಗಿದ್ದಲ್ಲಿ. ಕಟ್ಟುಹಾವು ರಾತ್ರಿ ಓಡಾಡುತ್ತದೆ, ಕಚ್ಚಿದರೆ ನೋವೇ ಆಗದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದು. ನೆಲದ ಮೇಲೆ ಮಲಗುವವರು ಸೊಳ್ಳೆಪರದೆ ಕಟ್ಟಿ, ಅಂಚನ್ನು ಚಾಪೆ ಕೆಳಗೆ ಸಿಕ್ಕಿಸಿ. ನಮ್ಮವನು ಉಳಿದ. ಆಸ್ಪತ್ರೆಯಲ್ಲಿ ಆರು ದಿನ ಇದ್ದ.

ಉಳಿದವು ಅಪರೂಪ. ಆರೆ ಕಡೆ ಕಾಡುಹಂದಿ ಸಿಗಬಹುದು, ದಾರಿ ಬಿಟ್ಟು ನಿಂತರೆ ಹೋಗುತ್ತದೆ. ಪವಾಯಿ ಕೆರೆಯಲ್ಲಿ ಮೊಸಳೆ ಇದೆ. ರಾತ್ರಿ ಗಾಳಿಗೆ ಅಂತ ಕೆರೆಯ ಅಂಚಿಗೇ ಇಳಿದು ಕಾಲು ಬಿಟ್ಟು ಕೂರುವ ಜೋಡಿಗಳು ಇದನ್ನು ಓದಲಿ.

ಯಾರಿಗೆ ಹೇಳಬೇಕು

ಅರಣ್ಯ ಇಲಾಖೆಯ ಸಹಾಯವಾಣಿ 1926. ಫೋನಿನಲ್ಲಿ ಈಗಲೇ ಸೇವ್ ಮಾಡಿ. ಎಲ್ಲಿ, ಎಷ್ಟು ಹೊತ್ತಿಗೆ, ಸುಮ್ಮನೆ ದಾಟಿ ಹೋಯಿತಾ ಅಥವಾ ಎಲ್ಲಾದರೂ ಸಿಕ್ಕಿಹಾಕಿಕೊಂಡಿದೆಯಾ, ಯಾರಿಗಾದರೂ ಗಾಯವಾಗಿದೆಯಾ, ಇಷ್ಟು ಹೇಳಿ. ಚಿರತೆ ಬಾವಿಗೆ ಬಿದ್ದಿದ್ದರೆ, ಕಟ್ಟಡದೊಳಗೆ ಸಿಕ್ಕಿದ್ದರೆ ತಂಡ ಬರುತ್ತದೆ. ಪೊಲೀಸರು ಬೇಕಿದ್ದರೆ 112. ಜನ ಗುಂಪು ಸೇರುವುದನ್ನು ತಡೆಯಲಾದರೂ ಅವರು ಬೇಕಾಗುತ್ತಾರೆ. ಗುಂಪು ಸುತ್ತುವರಿದು ಕೂಗಿದಾಗಲೇ ಹೆಚ್ಚು ಜನ ಗಾಯಗೊಳ್ಳುವುದು.

ದಾಟಿ ಹೋದದ್ದನ್ನು ಕಂಡ ಮಾತ್ರಕ್ಕೆ ಬೋನು ಇಡುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಚಿರತೆ ಮೊದಲ ಪಟ್ಟಿಯ ಪ್ರಾಣಿ. ಹಿಡಿಯಲು ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್ ಅಪ್ಪಣೆ ಬೇಕು. ಸೊಸೈಟಿ ಮೀಟಿಂಗಿನಲ್ಲಿ ‘ಎಲ್ಲಾದರೂ ದೂರ ಬಿಟ್ಟು ಬನ್ನಿ’ ಅನ್ನುವವರಿಗೆ 2004ರ ಕಥೆ ಹೇಳಿ.

ದಾಳಿಯಲ್ಲಿ ಗಾಯವಾದರೆ ಸರಕಾರದಿಂದ ಪರಿಹಾರ ಇದೆ. ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಿ ಪಂಚನಾಮೆ ಮಾಡಿಸಿ, ಆಸ್ಪತ್ರೆಯ ಚೀಟಿ ಒಂದೂ ಬಿಸಾಡಬೇಡಿ.

ಮನೆ ಮುಟ್ಟಿದ ಮೇಲೆ

ಗೇಟಿನ ಎದುರು ಬೀಗದ ಕೈ ಹುಡುಕುತ್ತಾ ಬಗ್ಗಿ ನಿಲ್ಲಬೇಡಿ, ಐವತ್ತು ಹೆಜ್ಜೆ ಹಿಂದೆಯೇ ಕೈಗೆ ತೆಗೆದುಕೊಳ್ಳಿ. ಮೆಟ್ಟಿಲಿನ ಕೆಳಗೆ, ಮೀಟರ್ ಬಾಕ್ಸ್ ಪಕ್ಕ ಒಮ್ಮೆ ಟಾರ್ಚ್ ಹಾಕಿ. ‘ಮುಟ್ಟಿದೆ’ ಅಂತ ಮೆಸೇಜ್ ಕಳಿಸಿ. ಒದ್ದೆ ಶೂ ಅಂತ ಬಾಗಿಲ ಹೊರಗೆ ಬಿಡಬೇಡಿ, ಒಳಗೆ ತಂದು ಪೇಪರ್ ಮೇಲಿಡಿ. ಬೆಳಗ್ಗೆ ಹಾಕುವ ಮುಂಚೆ ಎರಡನ್ನೂ ತಲೆಕೆಳಗು ಮಾಡಿ ಜಾಡಿಸಿ. ಬೈಂದೂರಿನ ಹುಡುಗ ಹೋದ ವಾರ ಹಾಗೆ ಜಾಡಿಸಿದಾಗ ಒಂದು ಚೇಳು ಬಿತ್ತು.